ಸೊಂಟಕ್ಕೆ ಸರಿಯಾದರೆ ತೊಡೆಗೆ ಬಿಗಿ: ಪ್ಯಾಂಟಿನ ಅಳತೆ ಹೇಗೆ ತೆಗೆಯುತ್ತೀರಿ?

ಕಿನ್ನಿಗೋಳಿಯಿಂದ ಪ್ರಶ್ನೆ:
ಸೊಂಟ 34, ಸೀಟು (ಹಿಂಭಾಗದ ಸುತ್ತಳತೆ) 42, ತೊಡೆ 25 ಇಂಚು. 34ರ ಪ್ಯಾಂಟು ತೊಡೆಯಲ್ಲಿ ಸಿಕ್ಕಿಕೊಳ್ಳುತ್ತದೆ. 36 ತೆಗೆದುಕೊಂಡರೆ ಬೆಲ್ಟಿನ ಕೆಳಗೆ ನೆರಿಗೆ ಬರುತ್ತದೆ. ದಿನವೂ ಬಸ್ಸಿನಲ್ಲಿ ಮಣಿಪಾಲಕ್ಕೆ ಹೋಗುವವನು, ಕುಳಿತರೆ ಹಿಂಬದಿ ಜಾರುತ್ತದೆ. ಮನೆಯಲ್ಲೇ ಅಳತೆ ತೆಗೆದು ಮೊಬೈಲಿನಲ್ಲಿ ತರಿಸುವುದೋ, ಹೊಲಿಸುವುದೋ? ಅನುಭವ ಇದ್ದವರು ತಿಳಿಸಿ.

ಸುರತ್ಕಲ್‌ನಿಂದ:
ಪ್ಯಾಂಟಿನ ಪಟ್ಟಿಯ ಮೇಲಿನ ಸಂಖ್ಯೆ ನಂಬಿದ್ದಕ್ಕೆ ನನಗಾದ ಖರ್ಚು ಕೇಳಿ. ಬೆಲೆ 1,799. ಬರೆದದ್ದು 34, ಟೇಪು ಹಿಡಿದರೆ 35 ಮುಕ್ಕಾಲು. ಗಿರಾಕಿಗೆ ತಾನು ತೆಳ್ಳಗಿದ್ದೇನೆ ಎನಿಸಲಿ ಎಂದು ಕಂಪೆನಿಗಳೇ ಹೀಗೆ ಮಾಡುತ್ತವೆ. ಹಿಂದಿರುಗಿಸಿದ್ದಕ್ಕೆ 99 ಮುರಿದುಕೊಂಡರು. ಬದಲಿಗೆ 32 ತರಿಸಿದೆ. ಅದೇ ಕಂಪೆನಿ, ಅದೇ ಮಾದರಿ, ಬಣ್ಣ ಮಾತ್ರ ಬೇರೆ. ಅದು ಮೊಣಕಾಲು ದಾಟಿ ಮೇಲೆ ಬರಲಿಲ್ಲ. ಪುನಃ 99. ಕೊನೆಗೆ 34ನ್ನೇ ಮತ್ತೆ ತರಿಸಿಕೊಂಡು ಸೊಂಟ ಹಿಡಿಸಲು 180, ಉದ್ದ ಕತ್ತರಿಸಲು 80 ಕೊಟ್ಟೆ. ಮೊದಲ ಒಗೆತಕ್ಕೆ ಉದ್ದ ಒಂದಿಂಚು ಹೋಯಿತು. ಹತ್ತಿ ಬಟ್ಟೆ ಶೇಕಡಾ 3ರಷ್ಟು ಕುಗ್ಗಿದರೂ 40 ಇಂಚಿಗೆ 1.2 ಇಂಚು ಕಡಿಮೆಯಾಗುತ್ತದೆ. ಒಗೆಯದೆ ಕತ್ತರಿ ಹಾಕಿದವನಿಗೆ ಇಷ್ಟೂ ತಿಳಿಯಬಾರದೇ? ಒಟ್ಟು 2,257 ರೂಪಾಯಿ ಆಯಿತು. ಆ ಪ್ಯಾಂಟನ್ನು ಈಗ ತೋಟಕ್ಕೆ ಹಾಕುತ್ತೇನೆ.

ನಾನೀಗ ಮೈ ಅಳೆಯುವುದೇ ಇಲ್ಲ. ಸರಿಯಾಗಿ ಕೂರುವ ಹಳೆಯ ಪ್ಯಾಂಟನ್ನು ಗುಂಡಿ ಹಾಕಿ ಮೇಜಿನ ಮೇಲೆ ಹಾಸಿ, ಸೊಂಟಪಟ್ಟಿಯ ಮುಂದಿನ ಅಂಚನ್ನು ಹಿಂದಿನದಕ್ಕೆ ಸಮ ಮಾಡಿ ಅಳೆದು ದುಪ್ಪಟ್ಟು ಮಾಡುತ್ತೇನೆ. ತೊಡೆಯನ್ನು ಎರಡು ಕಾಲು ಸೇರುವ ಕವಲಿನಿಂದ ಒಂದಿಂಚು ಕೆಳಗೆ ಅಳೆಯಬೇಕು. ಮೈ ಅಳತೆ ಎಂದೂ ಬಟ್ಟೆಯ ಅಳತೆ ಎಂದೂ ಬೇರೆ ಬೇರೆ ಕೊಡದ ಅಂಗಡಿಯಿಂದ ಏನನ್ನೂ ತರಿಸಬೇಡಿ.

ಉಡುಪಿಯಿಂದ, ನಿವೃತ್ತ ಬ್ಯಾಂಕ್ ನೌಕರ:
ಮೊಬೈಲಿನಲ್ಲಿ ಪ್ಯಾಂಟು ಕೊಳ್ಳುವವರಿಗೆ ಇಷ್ಟಾಗಬೇಕಾದದ್ದೇ. ನಾನು ನೌಕರಿಗೆ ಸೇರಿದಂದಿನಿಂದ ರಥಬೀದಿಯ ಹತ್ತಿರ ಒಬ್ಬರಲ್ಲೇ ಹೊಲಿಸಿದವನು. ಅವರ ಪುಸ್ತಕದಲ್ಲಿ ನನ್ನ ಹೊಟ್ಟೆಯ ಇತಿಹಾಸವೇ ಇದೆ. ಬಟ್ಟೆ 1.20 ಮೀಟರ್, ಒಂದು ರಾತ್ರಿ ನೀರಿನಲ್ಲಿ ನೆನೆಸಿ ಒಣಗಿಸಿಯೇ ಕೊಡುತ್ತೇನೆ. ಹೊಲಿಗೆಗೆ 650. ಹಿಂದಿನ ಹೊಲಿಗೆಯಲ್ಲಿ ಒಂದೂವರೆ ಇಂಚು ಬಿಡಿಸಿಟ್ಟಿರುತ್ತೇನೆ, ನಿವೃತ್ತಿಯ ಮೇಲೆ ಅದನ್ನೆಲ್ಲ ಬಿಚ್ಚಿಸಿದ್ದೂ ಆಯಿತು. ಸಿದ್ಧ ಉಡುಪಿನಲ್ಲಿ ಹಿಗ್ಗಿಸಲು ಹೆಚ್ಚಾಗಿ ಅಷ್ಟು ಬಟ್ಟೆ ಇರುವುದಿಲ್ಲ. ಒಂದೇ ತೊಂದರೆ ಎಂದರೆ ಕೃಷ್ಣಮಠದ ಪರ್ಯಾಯ ಉತ್ಸವದ ಜನವರಿಯಲ್ಲಿ ಅವರು ಹೇಳಿದ ದಿನಕ್ಕೆ ಕೊಡುವುದಿಲ್ಲ. ಕಳೆದ ಸಲ ಹದಿನೆಂಟನೆಯ ತಾರೀಕು ಹಳೆಯ ಪ್ಯಾಂಟಿನಲ್ಲೇ ಮೆರವಣಿಗೆ ನೋಡಿದೆ. ಮುಂಗಡ ಮಾತ್ರ ನವೆಂಬರಿನಲ್ಲೇ ತೆಗೆದುಕೊಂಡಿದ್ದರು.

ಮೂಡುಬಿದಿರೆಯಿಂದ, ಹೊಲಿಗೆಯವ:
ಮುಂಗಡದ ಮಾತೆತ್ತಿದ್ದರಿಂದ ಹೇಳುತ್ತೇನೆ. ಹೊಲಿದಿಟ್ಟ ಬಟ್ಟೆಯನ್ನು ತಿಂಗಳುಗಟ್ಟಲೆ ಒಯ್ಯದವರ ಪ್ಯಾಂಟುಗಳು ನನ್ನ ಕಪಾಟಿನಲ್ಲಿ ತುಂಬಿವೆ. 42 ಸೀಟಿನವರು 1.20 ಮೀಟರ್ ತಂದು ಒಳಗಡೆ ಹೆಚ್ಚು ಬಟ್ಟೆ ಬಿಡಿ ಎನ್ನುತ್ತಾರೆ, ಎಲ್ಲಿಂದ ಬಿಡಲಿ?

ಅಳತೆ ಕೊಡುವವರೂ ನೆಟ್ಟಗೆ ನಿಲ್ಲುವುದಿಲ್ಲ. ಕಿಸೆಯಲ್ಲಿ ಮೊಬೈಲ್, ಪರ್ಸ್, ಬೀಗದ ಕೈ ಇಟ್ಟುಕೊಂಡೇ ಸೀಟು ಅಳೆಯಿರಿ ಎನ್ನುತ್ತಾರೆ. ಟೇಪು ಹಿಡಿದ ಕೂಡಲೇ ಹೊಟ್ಟೆ ಒಳಗೆಳೆಯುತ್ತಾರೆ. ಊಟದ ಮೇಲೆ ಬೆಲ್ಟು ಬಿಗಿಯಾದರೆ ದೂರು ನನ್ನ ಮೇಲೆ. ಪ್ರಶ್ನೆ ಕೇಳಿದ ತಮ್ಮನಿಗೆ ಜಾರುವುದು ಸೊಂಟದ ದೋಷವಲ್ಲ, ಹಿಂಬದಿಯ ಎತ್ತರ ಸಾಲದೇ ಇರುವುದು. ಮುಂದಿನ ಪಟ್ಟಿಯಿಂದ ಕಾಲ ಸಂದಿನಲ್ಲಿ ಹಾಯ್ದು ಹಿಂದಿನ ಪಟ್ಟಿಯವರೆಗೆ ಒಂದೇ ಟೇಪು ಹಿಡಿಯಬೇಕು, ಅದನ್ನು ನಾವು ಫೋರ್ಕ್ ಎನ್ನುತ್ತೇವೆ. ಸಿದ್ಧ ಪ್ಯಾಂಟಿನ ಮೇಲೆ ಅದನ್ನು ಯಾರೂ ಬರೆಯುವುದಿಲ್ಲ. ಸೀಟಿಗೆ ತಕ್ಕಂತೆ ಕತ್ತರಿಸಿ ಸೊಂಟ ಹಿಡಿಯಬಹುದು, ಸೊಂಟಕ್ಕೆ ತಕ್ಕಂತೆ ಕತ್ತರಿಸಿದರೆ ಸೀಟು ಹಿಗ್ಗುವುದಿಲ್ಲ.

ಕಂಕನಾಡಿಯಿಂದ:
ಇಲ್ಲಿ ಹೆಂಗಸರು ಪ್ಯಾಂಟು ಹಾಕುತ್ತಾರೆ ಎಂದು ಯಾರಿಗೂ ನೆನಪಿಲ್ಲ. ನನ್ನ ಸೊಂಟ 31, ಸೀಟು 42. ರವಿಕೆ ಹೊಲಿಯುವವರು ಪ್ಯಾಂಟು ನಮಗೆ ಬರುವುದಿಲ್ಲ ಎಂದರು. ಹಂಪನಕಟ್ಟೆಯ ಒಬ್ಬ ಗಂಡಸರ ದರ್ಜಿ ಒಪ್ಪಿಕೊಂಡು ಅಳತೆಗೆ ಹೆಂಡತಿಯನ್ನು ಕರೆದ. ಆಕೆ ಟೇಪು ಹಿಡಿದದ್ದು ಚೂಡಿದಾರದ ಮೇಲೆ. ಅಳತೆಗೆ ತೆಳುವಾದ ಉಡುಪು ಹಾಕಿಕೊಂಡು ಬರಬೇಕು ಎಂದು ಮೊದಲೇ ಹೇಳಬಹುದಿತ್ತಲ್ಲ? ಬಟ್ಟೆಗೆ 900, ಹೊಲಿಗೆಗೆ 750, ಜೇಬಿಗೆ ಪ್ರತ್ಯೇಕ 60. ಆ ಜೇಬಿನಲ್ಲಿ ಕೈ ಬೆರಳಿನ ಗಂಟಿನವರೆಗೆ ಮಾತ್ರ ಹೋಗುತ್ತದೆ.

ಟೇಪನ್ನೂ ನೋಡಿಕೊಳ್ಳಿ. ಹಳೆಯ ಬಟ್ಟೆಯ ಟೇಪು ಎಳೆದೆಳೆದು ಉದ್ದವಾಗಿರುತ್ತದೆ, ಅಳತೆ ತಪ್ಪುತ್ತದೆ. ನಾನು ಉಕ್ಕಿನ ಸ್ಕೇಲಿಗೆ ಹಿಡಿದು ನೋಡಿದ್ದೇನೆ.

ಸುರತ್ಕಲ್‌ನಿಂದ:
ಉದ್ದವಾದ ಟೇಪಿನಲ್ಲಿ ಅಳತೆ ಹೆಚ್ಚು ಬರುತ್ತದೆ, ಹಾಗಾದರೆ ಪ್ಯಾಂಟು ಸಡಿಲವೇ ಆಗಬೇಕು. ದರ್ಜಿಯನ್ನು ಬೈಯಲು ಇದೊಂದು ನೆಪ.

ಕಂಕನಾಡಿಯಿಂದ:
ಗಣಿತ ಬಿಟ್ಟು ಎಷ್ಟು ವರ್ಷವಾಯಿತು ಸಾರ್? ಗೆರೆಗಳ ನಡುವಿನ ಅಂತರ ಹಿಗ್ಗಿದರೆ ನಲವತ್ತು ಇಂಚಿನ ಸೀಟು ಮೂವತ್ತೊಂಬತ್ತೂವರೆ ಎಂದು ಓದುತ್ತದೆ. ಕಡಿಮೆ ಬರುತ್ತದೆ, ಪ್ಯಾಂಟು ಬಿಗಿಯಾಗುತ್ತದೆ. 99 ಯಾಕೆ ಹೋಯಿತು ಎಂದು ಈಗ ತಿಳಿಯಿತು.

ಸುರತ್ಕಲ್‌ನಿಂದ:
ನನ್ನದು ಫೈಬರ್‌ಗ್ಲಾಸ್ ಟೇಪು. ಅದು ಹಿಗ್ಗುವುದಿಲ್ಲ. ಮಾತಿಗೊಂದು ಮಿತಿ ಇರಲಿ.

ಉಳ್ಳಾಲದಿಂದ, ದುಬೈಯಲ್ಲಿದ್ದವ:
ಜಗಳ ಬಿಡಿ ಮಾರಾಯರೇ. ಅಲ್ಲಿ ನಾನು ಕೊಳ್ಳುತ್ತಿದ್ದ ಪ್ಯಾಂಟುಗಳಲ್ಲಿ ಸೊಂಟ 34, ಒಳಗಾಲು (ಕಾಲಿನ ಒಳಬದಿಯ ಉದ್ದ) 30 ಎಂದು ಎರಡೂ ಬರೆದಿರುತ್ತಿತ್ತು. ಇಲ್ಲಿ ಹೆಚ್ಚಿನ ಕಡೆ ಸೊಂಟದ ಸಂಖ್ಯೆ ಒಂದೇ. ಕಾಲು ಅರ್ಧ ಅಡಿ ಉದ್ದ, ಕತ್ತರಿಸಿದರೆ ಮೊಣಕಾಲಿನ ಆಕಾರ ಮೊಣಕಾಲಿಗಿಂತ ಕೆಳಗೆ ಬಂದು ಕೂರುತ್ತದೆ. ಮತ್ತೊಂದು ವಿಷಯ, ನಮ್ಮ ಮಳೆಗಾಲಕ್ಕೆ ದಪ್ಪ ಡೆನಿಮ್ ತೆಗೆದುಕೊಳ್ಳಲೇಬಾರದು. ಜುಲೈಯಲ್ಲಿ ಒಗೆದದ್ದು ಫ್ಯಾನಿನ ಕೆಳಗೂ ಒಣಗದೆ ಮುಗ್ಗಲು ವಾಸನೆ. ಹಿಗ್ಗುವ ನೂಲು ಸೇರಿಸಿದ ಪ್ಯಾಂಟು ಇಸ್ತ್ರಿಯ ಬಿಸಿಗೆ ಸೋತು ಮೊಣಕಾಲಿನಲ್ಲಿ ಉಬ್ಬಿಕೊಂಡದ್ದೂ ಇದೆ, ಅದಕ್ಕೆ 2,400 ಕೊಟ್ಟಿದ್ದೆ.

ಉಡುಪಿಯಿಂದ, ನಿವೃತ್ತ ಬ್ಯಾಂಕ್ ನೌಕರ:
ಡೆನಿಮ್ ಯಾಕೆ ಬೇಕು? ಟೆರಿಕಾಟ್ ಎರಡು ಗಂಟೆಯಲ್ಲಿ ಒಣಗುತ್ತದೆ.

ಕಂಕನಾಡಿಯಿಂದ:
ಹೌದು, ಬೆವರು ಮಾತ್ರ ಒಣಗುವುದಿಲ್ಲ.

ಕಿನ್ನಿಗೋಳಿಯಿಂದ:
ಧನ್ಯವಾದಗಳು. ಆದರೆ ಹಿಂಬದಿಯ ಎತ್ತರವನ್ನು ಅಳೆಯುವಾಗ ಬೆಲ್ಟು ಕಟ್ಟುವ ಜಾಗದಿಂದಲೋ, ಹೊಕ್ಕುಳಿನಿಂದಲೋ?

ಮೂಡುಬಿದಿರೆಯಿಂದ, ಹೊಲಿಗೆಯವ:
ನೀವು ಪ್ಯಾಂಟು ಎಲ್ಲಿ ಕಟ್ಟುತ್ತೀರೋ ಅಲ್ಲಿಂದ. ಸೊಂಟಕ್ಕೆ ಒಂದು ದಾರ ಕಟ್ಟಿ, ಒಮ್ಮೆ ಕುರ್ಚಿಯಲ್ಲಿ ಕುಳಿತು ಏಳಿ. ದಾರ ಎಲ್ಲಿ ನಿಂತಿದೆಯೋ ಅಲ್ಲಿಂದ ಅಳೆಯಿರಿ. ಬ್ಯಾಂಕಿನವರೇ, ಒಂದೂವರೆ ಇಂಚು ಬಿಡಿಸಿಟ್ಟಿರುತ್ತೇನೆ ಎಂದಿರಲ್ಲ, ಅದನ್ನು ಬಿಡುವುದು ದರ್ಜಿ, ನೀವಲ್ಲ.

ಉಡುಪಿಯಿಂದ, ನಿವೃತ್ತ ಬ್ಯಾಂಕ್ ನೌಕರ:
ಹಣ ಕೊಡುವವನು ನಾನು. ಹದಿನೆಂಟನೆಯ ತಾರೀಕಿಗೆ ಪ್ಯಾಂಟು ಕೊಡಲಾಗದವರ ಪರವಾಗಿ ನೀವು ಯಾಕೆ ವಾದಿಸುತ್ತೀರಿ?

ಮೂಡುಬಿದಿರೆಯಿಂದ, ಹೊಲಿಗೆಯವ:
ನವೆಂಬರಿನಲ್ಲಿ ಮುಂಗಡ ಕೊಟ್ಟಿರಿ ಸರಿ, ಬಟ್ಟೆ ಯಾವಾಗ ಕೊಟ್ಟಿರಿ?