ಎರಡು ರೂಪಾಯಿ ಕಳಿಸಿದೆ, ಒಂದೇ ತಲುಪಿದೆ! ಕೊರಿಯರ್ ಕ್ಲೇಮ್ ಹೇಗೆ?

ಕಾಸು_ಕಿಟ್ಟಿ
ತಲೆ ಕೆಟ್ಟುಹೋಗಿದೆ. ಆನ್‌ಲೈನ್‌ನಲ್ಲಿ ಮಾರಿದ ಎರಡು ಬೆಳ್ಳಿ ರೂಪಾಯಿ ಹುಬ್ಬಳ್ಳಿಯಿಂದ ಕೋಲ್ಕತ್ತಕ್ಕೆ ಕಳಿಸಿದ್ದೆ. ಕವರ್ ಮುಟ್ಟಿದೆ, ಮೂಲೆ ಹರಿದಿದೆ, ಒಳಗೆ ಇರೋದು ಒಂದೇ. ಹೋಗಿರೋದು ದುಬಾರಿಯದ್ದೇ, 1911ರದ್ದು. ಚೆನ್ನಾಗಿಯೇ ಪ್ಯಾಕ್ ಮಾಡಿದ್ದೆ. ಕೊಂಡವರು ದುಡ್ಡು ವಾಪಸ್ ಕೇಳ್ತಿದ್ದಾರೆ. ಕ್ಲೇಮ್ ಮಾಡೋದು ಹೇಗೆ?

ಗದ್ಯಾಣ_66
ಬ್ಲೇಡ್ ಹಾಕಿ ಕದ್ದ ಕೆಲಸ. ಅನುಮಾನವೇ ಬೇಡ. ಎರಡರಲ್ಲಿ 1911ನ್ನೇ ಆರಿಸಿದ್ದಾರೆ ಅಂದರೆ ಗೊತ್ತಿದ್ದವರೇ. ಬುಕಿಂಗ್ ರಸೀದಿಯಲ್ಲಿ ತೂಕ ನೋಡಿ, ಕೊಂಡವರಿಗೆ ಈಗ ಎಲ್ಲ ಸೇರಿಸಿ ತೂಗೋಕೆ ಹೇಳಿ. ಒಂದು ರೂಪಾಯಿ 11.66 ಗ್ರಾಂ. ಅಷ್ಟು ಕಡಿಮೆ ಬಂದರೆ ದಾರಿಯಲ್ಲೇ ಹೋಗಿದೆ ಅಂತ ಸಾಬೀತು.

ಬಿಲ್ಲೆ_ಬಸು
"ಚೆನ್ನಾಗಿ" ಅಂದರೆ ಹೇಗೆ? ಯಾವ ಸರ್ವಿಸ್? ಇನ್ಶೂರ್ ಮಾಡಿಸಿದ್ರಾ? ಹರಿದ ಜಾಗದ ಫೋಟೊ ಹತ್ತಿರದಿಂದ ತೆಗೆಸಿ ಹಾಕಿ.

ಕಾಸು_ಕಿಟ್ಟಿ
ಎಲ್ಲರೂ ಮಾಡೋ ಹಾಗೇ ಸಾರ್. ಮೆತ್ತನೆ ಪ್ಲಾಸ್ಟಿಕ್ ಪೌಚ್, ಬಬಲ್ ಕವರ್, ಬಾಯಿಗೆ ಟೇಪ್. ಖಾಸಗಿ ಕೊರಿಯರ್. ರಸೀದಿಯಲ್ಲಿ 100 ಗ್ರಾಂ ಅಂತಿದೆ. ಕೊಂಡವರ ತಕ್ಕಡಿಯಲ್ಲಿ 24 ಗ್ರಾಂ. ಫೋಟೊ ಹಾಕಿದ್ದೇನೆ.

ಗದ್ಯಾಣ_66
100ರಿಂದ 24! ಇದಕ್ಕಿಂತ ಸಾಕ್ಷಿ ಬೇಕಾ? ಕಂಪ್ಲೇಂಟ್ ಕೊಡಿ.

ಬಿಲ್ಲೆ_ಬಸು
ಗುರುಗಳೇ, ಎರಡು ರೂಪಾಯಿ 23.3 ಗ್ರಾಂ, ಕವರ್ ಹೆಚ್ಚೆಂದರೆ 12. ಅಲ್ಲಿಗೆ 36 ಮುಟ್ಟೋದೂ ಕಷ್ಟ. 100 ಅಂತ ಬರೆದಿರೋದು ಕನಿಷ್ಠ ದರದ ಸ್ಲ್ಯಾಬ್, ಅವರು ತೂಗಿಯೇ ಇಲ್ಲ. ಈ ರಸೀದಿ ಸಾಕ್ಷಿಗೆ ನಿಲ್ಲೋದಿಲ್ಲ. ಅಂಚೆ ಕಚೇರಿಯ ಸ್ಪೀಡ್ ಪೋಸ್ಟ್ ರಸೀದಿಯಲ್ಲಿ ನಿಜವಾದ ಗ್ರಾಂ ಅಚ್ಚಾಗುತ್ತೆ. ಬೆಲೆಬಾಳೋದನ್ನ ಅಲ್ಲಿ ಬುಕ್ ಮಾಡಿ ಅಂತ ನಾವು ಬಾಯಿ ಬಡ್ಕೊಳ್ಳೋದು ಇದಕ್ಕೇ.

ಇನ್ನು ಹರಿದ ಜಾಗ. ಮೂಲೆಯಲ್ಲಿ ಮೂರು ಸೆಂ.ಮೀ. ಸೀಳು, ಸ್ವಲ್ಪ ಬಾಗಿದೆ. ಕಾಗದದ ನಾರು ಹೊರಮುಖವಾಗಿ ಎದ್ದಿದೆ, ಬಬಲ್ ಪದರವೂ ಹೊರಗೆ ಚಾಚಿದೆ. ಬ್ಲೇಡ್ ಹಾಕಿದ್ದರೆ ಅಂಚು ನೇರವಾಗಿ, ನಾರಿಲ್ಲದೆ ಇರ್ತಿತ್ತು. ಇದು ಒಳಗಿಂದ ಒಡೆದದ್ದು. ರೂಪಾಯಿಯ ಅಗಲ ಸುಮಾರು 30.5 ಮಿ.ಮೀ., ಸೀಳಿನ ಉದ್ದವೂ ಅಷ್ಟೇ. ಚೀಲದಿಂದ ಚೀಲಕ್ಕೆ ಎಸೆದಾಗ ಬಿಡಿ ನಾಣ್ಯ ಸುತ್ತಿಗೆ ಥರ ಒಂದೇ ಮೂಲೆಗೆ ಹೊಡೆದೂ ಹೊಡೆದೂ ತೂತು ಮಾಡುತ್ತೆ. 1911 ಹೊರಟಿದ್ದು ಆ ಮೂಲೆಯಲ್ಲಿ ಅದೇ ಇತ್ತು ಅಂತ ಅಷ್ಟೇ.

ಗದ್ಯಾಣ_66
ಬ್ಲೇಡ್ ಹಾಕಿದ ಮೇಲೆ ಬೆರಳಲ್ಲಿ ಎಳೆದರೂ ನಾರು ಏಳುತ್ತೆ. ನಾನು ಒಪ್ಪಲ್ಲ.

ಚಿಲ್ಲರೆ_ಶಾಸ್ತ್ರಿ
ಕಳುವೋ ಹರಿದದ್ದೋ, ಕ್ಲೇಮ್ ಮಾತ್ರ ಕಷ್ಟ. ಕೊರಿಯರ್ ರಸೀದಿ ಹಿಂದೆ ಸಣ್ಣ ಅಕ್ಷರ ಓದಿ: ನಾಣ್ಯ, ನೋಟು, ಒಡವೆ ಒಪ್ಪೋದಿಲ್ಲ ಅಂತ ಸಾಮಾನ್ಯವಾಗಿ ಇರುತ್ತೆ. ಒಳಗಿನ ವಸ್ತು ಏನು ಅಂತ ಬರೆಸಿದ್ದಿರಿ?

ಕಾಸು_ಕಿಟ್ಟಿ
ಡಾಕ್ಯುಮೆಂಟ್ ಅಂತ.

ಚಿಲ್ಲರೆ_ಶಾಸ್ತ್ರಿ
ಮುಗೀತು. ಡಾಕ್ಯುಮೆಂಟ್ ಅಂತ ಬರೆಸಿ ಬೆಳ್ಳಿಗೆ ಪರಿಹಾರ ಕೇಳಿದರೆ ಯಾರು ಕೊಡ್ತಾರೆ. ಅಂಚೆಯಲ್ಲೂ ಬರೀ ಸ್ಪೀಡ್ ಪೋಸ್ಟ್ ಮಾಡಿದ್ದರೆ, ಕಳೆದರೆ ಕಟ್ಟಿದ ಶುಲ್ಕದ ಎರಡರಷ್ಟು ಅಥವಾ 1000 ರೂ., ಯಾವುದು ಕಡಿಮೆಯೋ ಅದು. ಅಂದರೆ ಕಾಫಿ-ತಿಂಡಿ ದುಡ್ಡು. ಇನ್ಶೂರ್ಡ್ ಮಾಡಿಸಿದರೆ ಮಾತ್ರ ನಾಣ್ಯದ ಬೆಲೆ. ಅದೂ ಇದ್ದ ಬೆಲೆಯಷ್ಟೇ, ಜಾಸ್ತಿ ಬರೆಸಿ ಲಾಭ ಇಲ್ಲ. ಮಾರಾಟದ ಬಿಲ್ ಜೊತೆಗಿರಲಿ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟನ್ನ ಸ್ಪೀಡ್ ಪೋಸ್ಟಿಗೆ ಸೇರಿಸಿದ ಮೇಲೆ ರಿಜಿಸ್ಟ್ರೇಷನ್, ಒಟಿಪಿ ಡೆಲಿವರಿ ಎರಡೂ ಹೆಚ್ಚುವರಿ ಸೇವೆ. ಕೌಂಟರಿನಲ್ಲಿ ಬಾಯಿಬಿಟ್ಟು ಕೇಳಬೇಕು. ರಿಜಿಸ್ಟ್ರೇಷನ್ ಇಲ್ಲದಿದ್ದರೆ ಆ ವಿಳಾಸದಲ್ಲಿರೋ ಬೇರೆಯವರ ಕೈಗೂ ಹೋದೀತು.

ತಾಮ್ರದ_ದುಡ್ಡು
ಇನ್ಶೂರ್ಡ್‌ಗೆ ಅರಗಿನ ಮುದ್ರೆ ಬೇಕಲ್ಲ. ಟೇಪ್ ಮೇಲೆ ಅರಗು ಹಿಡಿಯಲ್ಲ, ಚಕ್ಕೆ ಎದ್ದುಬಿಡುತ್ತೆ. ಬ್ರೌನ್ ಪೇಪರ್ ಇಲ್ಲಾ ಬಟ್ಟೆ ಹೊಲಿಗೆ ಮೇಲೆ, ಪ್ರತಿ ಜೋಡಣೆಗೂ ಒಂದು. ಎಲ್ಲದಕ್ಕೂ ಒಂದೇ ಅಚ್ಚು. ಚಲಾವಣೆ ನಾಣ್ಯ ಒತ್ತಿದರೆ ನಡೆಯಲ್ಲ, ನಮ್ಮವರು ಮೊದಲು ಹುಡುಕೋದು ಅದನ್ನೇ :)

ವರಾಹ_ವಿಲಾಸ
1911 ಅಂದರೆ ಹಂದಿ ರೂಪಾಯಿನಾ? ಕಲ್ಕತ್ತಾ ಟಂಕಸಾಲೆಯದೋ ಬಾಂಬೆಯದೋ?

ಕಾಸು_ಕಿಟ್ಟಿ
ಬಾಂಬೆ. ಆ ಟಂಕಸಾಲೆಯ ಗುರುತಿನ ಚುಕ್ಕೆ ಇದೆ.

ವರಾಹ_ವಿಲಾಸ
ಅಯ್ಯೋ. ನನ್ನ ಹತ್ರ ಎರಡೂ ಟಂಕಸಾಲೆಯದ್ದಿದೆ, 0.01 ಗ್ರಾಂ ತಕ್ಕಡಿಯಲ್ಲಿ ತೂಗಿ, ಯುಎಸ್‌ಬಿ ಮೈಕ್ರೋಸ್ಕೋಪಿನಲ್ಲಿ ಚುಕ್ಕೆ ತೆಗೆದ ಫೋಟೊ ಇದೆ, ಹಾಕ್ಲಾ?

ಗದ್ಯಾಣ_66
ಹಂದಿ ಅಲ್ಲ ಸ್ವಾಮಿ, ಆನೆ. ನಾಣ್ಯದ ಮೇಲಿರೋ ರಾಜ ಐದನೇ ಜಾರ್ಜನ ನಿಲುವಂಗಿ ಮೇಲಿನ ಆನೆಗೆ ಸೊಂಡಿಲು ಮೋಟು. ಗಲಾಟೆಯಾಗಿ 1912ಕ್ಕೆ ಅಚ್ಚು ತಿದ್ದಿದರು.

ವರಾಹ_ವಿಲಾಸ
ಅದಕ್ಕೇ ಹಂದಿ ರೂಪಾಯಿ ಅನ್ನೋದು. ನಾನೇನು ಹಂದಿ ಅಂದೆನಾ.

ಬಿಲ್ಲೆ_ಬಸು
ಆನೆ-ಹಂದಿ ಬೇರೆ ಎಳೆಯಲ್ಲಿ ಮಾಡಿಕೊಳ್ಳಿ. ಕಿಟ್ಟಿ, ಮುಂದಿನ ಸಲ ಹೀಗೆ ಮಾಡಿ.

ನಾಣ್ಯಕ್ಕೆ 31 ಮಿ.ಮೀ. ಕ್ಯಾಪ್ಸೂಲ್ (ಗಟ್ಟಿ ಪ್ಲಾಸ್ಟಿಕ್ಕಿನ ಗುಂಡು ಡಬ್ಬಿ). ಇಲ್ಲದಿದ್ದರೆ ಮೈಲಾರ್ (ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಕಿಟಕಿಯ ರಟ್ಟಿನ ಹೋಲ್ಡರ್. ಅದರ ಪಿನ್ನನ್ನ ಇಕ್ಕಳದಲ್ಲಿ ಚಪ್ಪಟೆ ಒತ್ತಿ, ಇಲ್ಲಾಂದ್ರೆ ಪಕ್ಕದ ನಾಣ್ಯಕ್ಕೆ ಗೀರು. ಎರಡು ನಾಣ್ಯ ಒಂದೇ ಪೌಚಿಗೆ ಯಾವತ್ತೂ ಬೇಡ. 10×8 ಸೆಂ.ಮೀ. ಸುಕ್ಕುರಟ್ಟಿನ ಎರಡು ತುಂಡು, ಒಂದರ ಗೆರೆ ಅಡ್ಡ, ಇನ್ನೊಂದರದ್ದು ಉದ್ದ. ಆಗ ಯಾವ ಕಡೆಗೂ ಮಡಚಲ್ಲ. ಮಧ್ಯೆ ಹೋಲ್ಡರ್‌ಗಳನ್ನ ಪಕ್ಕಪಕ್ಕ ಇಟ್ಟು ರಟ್ಟಿಗೇ ಅಂಟಿಸಿ, ನಾಲ್ಕೂ ಬದಿ ಟೇಪ್. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ, ಟಿಕ್ ಅಂದರೂ ಬಿಚ್ಚಿ ಮತ್ತೆ ಕಟ್ಟಿ. ನಾಣ್ಯದ ಸದ್ದು ಕಳ್ಳನಿಗೆ ಕರೆಗಂಟೆ (ಗದ್ಯಾಣ ಅವರ ಸಮಾಧಾನಕ್ಕೆ). ಆಮೇಲೆ ಕವರ್ ಅಲ್ಲ, ಸಣ್ಣ ಡಬ್ಬ. ರಬ್ಬರ್ ಬ್ಯಾಂಡ್ ಹಾಕಬೇಡಿ, ಅದರ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತೆ. ಒಳಗೂ ಒಂದು ವಿಳಾಸದ ಚೀಟಿ. ಹೊರಗಿನ ಜೋಡಣೆ ಮೇಲೆ ಅಡ್ಡಲಾಗಿ ಸಹಿ. ಪ್ಯಾಕಿಂಗ್ ವಿಡಿಯೊ ತಕ್ಕಡಿಯ ಅಂಕಿ ಕಾಣೋವರೆಗೂ ನಿಲ್ಲಿಸಬೇಡಿ.

ಕಾಸು_ಕಿಟ್ಟಿ
ಇನ್ನೊಂದು. ಉಳಿದಿರೋ ರೂಪಾಯಿ ಮೇಲೆ ಹಸಿರು ಜಿಡ್ಡಿದೆಯಂತೆ. ಅದೂ ನನ್ನ ತಲೆಗೆ.

ಮುತ್ತಜ್ಜಿ_ಪೆಟ್ಟಿಗೆ
ಹುಣಸೆಹಣ್ಣು ಹಾಕಿ ತಿಕ್ಕಿದರೆ ಫಳಫಳ.

ತಾಮ್ರದ_ದುಡ್ಡು
ದಯವಿಟ್ಟು ಬೇಡ!! ತಿಕ್ಕಿದ ನಾಣ್ಯಕ್ಕೆ ಬೆಳ್ಳಿ ತೂಕದ ಬೆಲೆಯಷ್ಟೇ. ಅದು ಪಿವಿಸಿ ಪೌಚಿನ ಪ್ರಸಾದ, ಮೆತ್ತನೆ ಪ್ಲಾಸ್ಟಿಕ್ ಅಂದಾಗಲೇ ಅನ್ಕೊಂಡೆ. ಶುದ್ಧ ಅಸಿಟೋನ್, ಗಾಜಿನ ಬಟ್ಟಲು, ಕೆಲವು ನಿಮಿಷ ನೆನೆಹಾಕಿ, ಹೊಸ ಅಸಿಟೋನಿನಲ್ಲಿ ಇನ್ನೊಮ್ಮೆ ಅದ್ದಿ, ಗಾಳಿಗೆ ಆರಲು ಬಿಡಿ. ಒರೆಸಬೇಡಿ. ಕಿಟಕಿ ತೆಗೆದಿರಲಿ, ಒಲೆ ಹತ್ತಿರ ಬೇಡ. ಉಗುರುಬಣ್ಣ ತೆಗೆಯೋ ದ್ರವದಲ್ಲಿ ಎಣ್ಣೆ, ಪರಿಮಳ ಇರುತ್ತೆ, ಅದಾಗಲ್ಲ.

ಕಡಲಾಚೆ_ಕನ್ನಡಿಗ
ಅಮೆರಿಕಕ್ಕೆ ಹೀಗೇ ಡಬ್ಬದಲ್ಲಿ ಕಳಿಸಬಹುದಾ? ಇಂಥದ್ದೇ ರೂಪಾಯಿ ನನಗೂ ಬೇಕಿತ್ತು.

ಚಿಲ್ಲರೆ_ಶಾಸ್ತ್ರಿ
ಆಗಲ್ಲ. ನೂರು ವರ್ಷ ದಾಟಿದ ನಾಣ್ಯ 1972ರ ಪುರಾವಸ್ತು ಕಾಯ್ದೆಗೆ ಬರುತ್ತೆ, ಖಾಸಗಿಯವರು ರಫ್ತು ಮಾಡೋ ಹಾಗಿಲ್ಲ. ಡಬ್ಬ ಎಷ್ಟು ಗಟ್ಟಿ ಇದ್ದರೂ.

ಕಾಸು_ಕಿಟ್ಟಿ
ಕೊಂಡವರಿಗೆ ದುಡ್ಡು ವಾಪಸ್ ಹಾಕಿದೆ. ಕೊರಿಯರ್‌ನವರ ವಿಂಗಡಣೆ ಕೇಂದ್ರಕ್ಕೆ ಸೀಳಿನ ಫೋಟೊ ಕಳಿಸಿ, ಚೀಲದ ತಳ ಹುಡುಕಿ ಅಂತ ಬರೆದಿದ್ದೇನೆ. ಉತ್ತರ ಬಂದಿಲ್ಲ.

ಗದ್ಯಾಣ_66
ಬರಲ್ಲ. ಬ್ಲೇಡ್.

ವರಾಹ_ವಿಲಾಸ
ಚುಕ್ಕೆ ಫೋಟೊ ಹಾಕಿದೀನಿ ನೋಡಿ. 31 ಮಿ.ಮೀ. ಕ್ಯಾಪ್ಸೂಲ್ ಹತ್ತರ ಪ್ಯಾಕ್ ಯಾರ ಹತ್ರ ಇದೆ?