ಡ್ರೈವಿಂಗ್ ಗಂಟೆ ಕಮ್ಮಿ, ಆದ್ರೂ ಟೆಕ್ನಿಷಿಯನ್‌ಗಳಿಗೆ ದಾರೀಲಿ ಕಣ್ಣು ಎಳೀತಿದೆ: ಶೆಡ್ಯೂಲ್ ಹೇಗೆ ಹಾಕಬೇಕು?

ರೂಟ್‌ಶೀಟ್:

14 ಜನರ ಸರ್ವಿಸ್ ಟೀಮ್. ಜನರೇಟರ್, ಯುಪಿಎಸ್ ಕೆಲಸ. 9 ವ್ಯಾನು, 5 ಬೈಕು. ತಲಾ ದಿನಕ್ಕೆ 5–6 ಕಾಲ್ (ಗ್ರಾಹಕರ ಜಾಗಕ್ಕೇ ಹೋಗಿ ಮಾಡೋ ಕೆಲಸ), 150–200 ಕಿ.ಮೀ. ಓಡಾಟ. ರಾತ್ರಿ ಆನ್‌ಕಾಲ್ (ಫೋನ್ ಬಂದ್ರೆ ಎದ್ದು ಹೋಗೋ ಡ್ಯೂಟಿ) ವಾರಕ್ಕೊಬ್ಬರ ಸರದಿ. ಡ್ರೈವಿಂಗ್ ದಿನಕ್ಕೆ 5 ಗಂಟೆ ದಾಟಬಾರದು ಅಂತ ಮಿತಿ ಇದೆ, ಅದು ಪಾಲನೆಯೂ ಆಗ್ತಿದೆ. ಆದ್ರೂ ಡ್ಯಾಶ್‌ಕ್ಯಾಮ್ ರಿಪೋರ್ಟ್ ತೆಗೆದು ನೋಡಿದ್ರೆ ಲೇನ್ ಬಿಟ್ಟ ಅಲರ್ಟ್‌ಗಳೆಲ್ಲ ಎರಡೇ ಹೊತ್ತಲ್ಲಿ ರಾಶಿ ಬಿದ್ದಿವೆ: ಮಧ್ಯಾಹ್ನ 2ರಿಂದ 4, ಆಮೇಲೆ ಕೊನೇ ಕಾಲ್ ಮುಗಿಸಿ ಮನೆಗೆ ಹೊರಟ ಮೇಲೆ.

ಮಿತಿಯೊಳಗೇ ಇದ್ರೂ ಹೀಗ್ಯಾಕೆ? ಡ್ರೈವರ್ ಮುಖ ನೋಡೋ ಕ್ಯಾಮೆರಾ ಹಾಕಿಸಿದ್ರೆ ಉಪಯೋಗ ಇದೆಯಾ? ರಾತ್ರಿ ಕಾಲ್‌ಗೆ ಹೋಗಿಬಂದವರಿಗೆ ಮಾರನೇ ದಿನ ಮೊದಲ ಕಾಲ್ ಎಷ್ಟೊತ್ತಿಗೆ ಕೊಡಬೇಕು? "ಎಚ್ಚರಿಕೆಯಿಂದ ಓಡಿಸಿ" ಥರದ ಪೋಸ್ಟರ್ ಸಲಹೆ ಬೇಡ, ಲೆಕ್ಕ ಬೇಕು.

ಪಾಳಿಲೆಕ್ಕ:

ನೀವು ಅಳೀತಿರೋದೇ ತಪ್ಪು ಸಂಖ್ಯೆ. ನಿದ್ದೆಗೆ ಸ್ಟಿಯರಿಂಗ್ ಹಿಡಿದ ಗಂಟೆಗಿಂತ ಎಚ್ಚರ ಇದ್ದ ಗಂಟೆ ಮುಖ್ಯ. ನಿಮ್ಮ ಟೆಕ್ನಿಷಿಯನ್ ಬರೀ 4 ಗಂಟೆ ಓಡಿಸಿರಬಹುದು. ಆದ್ರೆ ನಡುವೆ ಜನರೇಟರ್ ಪಕ್ಕ ಕೂತು ಬೋಲ್ಟ್ ಬಿಚ್ಚಿದ್ದು, ಬ್ಯಾಟರಿ ಎತ್ತಿದ್ದು, ಶಬ್ದ, ಬಿಸಿ, ಇದೆಲ್ಲ ನಿಮ್ಮ ಶೀಟಲ್ಲಿ "ವಿರಾಮ" ಅಂತ ಬಿದ್ದಿರುತ್ತೆ. ಲಾರಿ ಚಾಲಕರ ನಿಯಮಾನ ಸರ್ವಿಸ್‌ನವರಿಗೆ ಹಾಗೇ ಅಂಟಿಸಿದ್ರೆ ಆಗೋ ಎಡವಟ್ಟು ಇದು.

ಆಯಾಸದ ನಿರ್ವಹಣೆಯಲ್ಲಿ ಬಳಸೋ ಸರಳ ಲೆಕ್ಕ ಒಂದಿದೆ. ಮೂರೇ ಪ್ರಶ್ನೆ. ಹಿಂದಿನ 24 ಗಂಟೆಯಲ್ಲಿ ಕನಿಷ್ಠ 5 ಗಂಟೆ ನಿದ್ದೆ ಆಗಿದೆಯಾ? ಹಿಂದಿನ 48 ಗಂಟೆಯಲ್ಲಿ ಕನಿಷ್ಠ 12? ಇವತ್ತು ಎದ್ದಾಗಿನಿಂದ ಕೆಲಸ ಮುಗಿಯೋ ತನಕದ ಗಂಟೆ, ಆ 48 ಗಂಟೆಯ ನಿದ್ದೆಯ ಮೊತ್ತಕ್ಕಿಂತ ಕಡಿಮೆ ಇದೆಯಾ?

ಉದಾಹರಣೆ: ಮೊನ್ನೆ ರಾತ್ರಿ 6 ಗಂಟೆ ನಿದ್ದೆ, ನಿನ್ನೆ ರಾತ್ರಿ ಆರೂವರೆ ಗಂಟೆ. ಒಟ್ಟು 12.5. ಮೊದಲೆರಡು ಪಾಸ್. ಎದ್ದದ್ದು ಬೆಳಿಗ್ಗೆ 5:30. ಅಂದ್ರೆ ಸಂಜೆ 6ಕ್ಕೆ ಅವನ ಗಾಡಿ ಮನೆ ಮುಂದೆ ನಿಂತಿರಬೇಕು. ಕೊನೇ ಕಾಲ್ 6:30ಕ್ಕೆ ಮುಗಿದು ಮನೆ ಸೇರೋದು 8 ಆದ್ರೆ ಎರಡು ಗಂಟೆ ಹೆಚ್ಚು, ಅದೂ ಒಬ್ಬನೇ ಓಡಿಸೋ ಹೊತ್ತು. ನಿಮ್ಮ ಎರಡನೇ ರಾಶಿ ಬಂದಿರೋದು ಬಹುಶಃ ಇಲ್ಲಿಂದ್ಲೇ. ಮನೆಗೆ ಹೋಗೋ ದಾರಿ "ಡ್ಯೂಟಿ ಅಲ್ಲ" ಅಂತ ಎಷ್ಟೋ ಕಡೆ ಲೆಕ್ಕಕ್ಕೇ ಬರಲ್ಲ. ನೀವೂ ಬಿಟ್ಟಿದ್ರೆ ಅದನ್ನ ಮೊದಲು ಸೇರಿಸಿ.

17 ಗಂಟೆ ಎಚ್ಚರ ಇದ್ದವನ ಕೈ-ಕಣ್ಣಿನ ವೇಗ, ರಕ್ತದಲ್ಲಿ 0.05% ಮದ್ಯ ಇರೋವನ ಮಟ್ಟಕ್ಕೆ ಇಳಿಯುತ್ತೆ. 24 ಗಂಟೆಗೆ ಸುಮಾರು 0.10%. ಬೆಳಿಗ್ಗೆ 5ಕ್ಕೆ ಎದ್ದವನು ರಾತ್ರಿ 10ಕ್ಕೆ ಓಡಿಸ್ತಿದ್ರೆ 17 ಆಯ್ತು.

ಮಧ್ಯಾಹ್ನದ ರಾಶಿ ದೇಹದ ಗಡಿಯಾರದ ಕೆಲಸ. ಊಟ ಬಿಟ್ರೂ ಆ ಇಳಿತ ಬರುತ್ತೆ, ಹೊಟ್ಟೆ ತುಂಬಾ ಉಂಡ್ರೆ ಇನ್ನೂ ಜಾಸ್ತಿ. ಆ ಹೊತ್ತಿಗೆ ಉದ್ದದ ನೇರ ರಸ್ತೆ ಹಾಕಬೇಡಿ. 2ರಿಂದ 4ರಲ್ಲಿ ಒಂದೇ ಜಾಗದಲ್ಲಿ ನಿಂತು ಮಾಡೋ ದೊಡ್ಡ ಕೆಲಸ ಇಡಿ, ದೂರದ ಓಟ ಬೆಳಿಗ್ಗೆ 9ರಿಂದ 12ಕ್ಕೆ ತನ್ನಿ.

ನೈಟ್‌ಡೆಸ್ಕ್:

ಆನ್‌ಕಾಲ್ ಬಗ್ಗೆ. ಗಾಢ ನಿದ್ದೆಯಿಂದ ಫೋನ್ ಎಬ್ಬಿಸಿದ ಮೇಲೆ ತಲೆ ತಿಳಿಯಾಗೋಕೆ 15ರಿಂದ 30 ನಿಮಿಷ ಬೇಕು, ನಿದ್ದೆ ಕೊರತೆ ಇದ್ರೆ ಇನ್ನೂ ಹೆಚ್ಚು. "10 ನಿಮಿಷದಲ್ಲಿ ಹೊರಟಿರಬೇಕು" ಅನ್ನೋ ನಿಯಮ ಇದ್ರೆ ಅವನನ್ನ ಸರಿಯಾಗಿ ಆ ಮಂಪರಿನಲ್ಲೇ ರಸ್ತೆಗೆ ಬಿಡ್ತಿದ್ದೀರಿ. ಗ್ರಾಹಕರಿಗೆ ಹೇಳೋ ಸಮಯದಲ್ಲೇ ಆ ಅರ್ಧ ಗಂಟೆ ಸೇರಿಸಿ. ಲೈಟ್ ಹಾಕಿ, ಮುಖ ತೊಳೆದು, ಆ ಹೊತ್ತಲ್ಲೇ ಫೋನಲ್ಲಿ ಫಾಲ್ಟ್ ಕೋಡ್ (ಯಂತ್ರ ತೋರಿಸೋ ದೋಷದ ಗುರುತು) ಕೇಳಲಿ. ಫೋನಲ್ಲೇ ರೀಸೆಟ್ ಆಗೋದಿದ್ರೆ, ಅಥವಾ ಬೆಳಿಗ್ಗೆವರೆಗೆ ತಡೆಯೋದಿದ್ರೆ ಗಾಡಿ ತೆಗೆಯೋ ಪ್ರಶ್ನೆಯೇ ಇಲ್ಲ.

ಹೋಗೋದಕ್ಕಿಂತ ವಾಪಸ್ ಬರೋದು ಕೆಟ್ಟದ್ದು. ಹೋಗುವಾಗ ಕೆಲಸದ ಗಡಿಬಿಡಿ ಕಣ್ಣು ತೆರೆಸಿಟ್ಟಿರುತ್ತೆ. ನಾಲ್ಕೂವರೆಗೆ ಮುಗಿಸಿ ಬೀಗ ಹಾಕಿದ ಮೇಲೆ ಆ ಬಿಗಿ ಇಳಿಯುತ್ತೆ, ದೇಹವೂ ದಿನದ ತಳ ಮುಟ್ಟಿರುತ್ತೆ. ಹಾಗಾಗಿ ಸೈಟಲ್ಲೇ ಮಲಗಲು ಜಾಗ, ಇಲ್ಲಾ ಲಾಡ್ಜ್, ಇಲ್ಲಾ ಟ್ಯಾಕ್ಸಿ. ಈ ಮೂರಕ್ಕೂ ಮೇಲಿನವರ ಒಪ್ಪಿಗೆ ಮೊದಲೇ ಬರಹದಲ್ಲಿರಲಿ. ಬೆಳಗಿನ ಜಾವ ಯಾರೂ ಸೂಪರ್‌ವೈಸರ್‌ನ ಎಬ್ಬಿಸಿ ಟ್ಯಾಕ್ಸಿ ಕೇಳಲ್ಲ.

ಮಾರನೇ ದಿನಕ್ಕೆ: ಮನೆ ಮುಟ್ಟಿದ ಹೊತ್ತಿನಿಂದ ಮತ್ತೆ ಮನೆ ಬಿಡೋ ಹೊತ್ತಿಗೆ 10 ಗಂಟೆ. ಬೆಳಿಗ್ಗೆ 5:30ಕ್ಕೆ ಬಂದವನು ಹೊರಡೋದು ಮಧ್ಯಾಹ್ನ 3:30ಕ್ಕೆ. ಅದು ಸೀದಾ ಮಧ್ಯಾಹ್ನದ ಇಳಿತದ ಒಳಗೇ ಬೀಳೋದ್ರಿಂದ, ಆ ದಿನದ ಕಾಲ್‌ಗಳನ್ನೇ ಬೇರೆಯವರಿಗೆ ಹಂಚೋದು ವಾಸಿ. ಕಾಲ್ ಬರದ ರಾತ್ರಿನೂ ಪೂರ್ತಿ ನಿದ್ದೆ ಅಂತ ಬರೀಬೇಡಿ, ಫೋನ್ ಬರಬಹುದು ಅಂತ ಮಲಗಿದವರ ನಿದ್ದೆ ತೆಳುವಾಗಿರುತ್ತೆ.

ಬಾನೆಟ್:

ದಾರೀಲಿ ಕಣ್ಣು ಎಳೆದ್ರೆ ಏನು ಮಾಡಬೇಕು ಅನ್ನೋದನ್ನೂ ಬರೆದು ಕೊಡಿ. ಕಿಟಕಿ ಇಳಿಸೋದು, ಹಾಡು ಜೋರು ಮಾಡೋದು, ಮುಖಕ್ಕೆ ನೀರು: ಇವು ನಿದ್ದೆ ಓಡಿಸಲ್ಲ, ಸ್ವಲ್ಪ ಹೊತ್ತು ಮರೆಸುತ್ತವೆ ಅಷ್ಟೆ.

ಕೆಲಸ ಮಾಡೋದು ಇದು. ಹೆದ್ದಾರಿ ಅಂಚು ಬಿಟ್ಟು ಪೂರ್ತಿ ಒಳಗೆ, ನೆರಳಲ್ಲಿ ನಿಲ್ಲಿಸಿ. ಎಂಜಿನ್ ಆಫ್. ಎಸಿ ಬೇಕು ಅಂತ ಆನ್ ಇಟ್ಟು ಮಲಗಬೇಡಿ, ಹೊಗೆಕೊಳವೆ ಸೋರ್ತಿದ್ರೆ ಕಾರ್ಬನ್ ಮೊನಾಕ್ಸೈಡ್ ವಾಸನೆಯೇ ಇಲ್ದೆ ಒಳಗೆ ಬರುತ್ತೆ. ಗಾಜು ಎರಡು ಬೆರಳು ಇಳಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಗಟ್ಟಿ ಕಾಫಿ ಕುಡಿದು ತಕ್ಷಣ ಮಲಗಿ. ಅಲಾರಂ 20 ನಿಮಿಷಕ್ಕೆ. ಕೆಫೀನ್ ಏರೋಕೂ ಹೆಚ್ಚುಕಮ್ಮಿ ಅಷ್ಟೇ ಹೊತ್ತು ಬೇಕು, ಅಲಾರಂಗೂ ಅದಕ್ಕೂ ತಾಳೆ ಆಗುತ್ತೆ. ಪರಿಣಾಮ ಕಾಣೋಕೆ 150–200 ಮಿ.ಗ್ರಾಂ. ಕೆಫೀನ್ ಬೇಕು, ಒಂದು ಸಣ್ಣ ಕಪ್ ಟೀ ಸಾಕಾಗಲ್ಲ. ಅರ್ಧ ಗಂಟೆ ದಾಟಿ ಮಲಗಿದ್ರೆ ಗಾಢ ನಿದ್ದೆಗೆ ಇಳಿದು, ಎದ್ದಾಗ ಮೊದಲಿಗಿಂತ ಮಂಕು. ಎದ್ದ ಮೇಲೆ ಕೆಳಗಿಳಿದು 10 ನಿಮಿಷ ಓಡಾಡಿ, ಟೈರ್ ನೋಡಿ, ಆಮೇಲೆ ಕೀ ತಿರುಗಿಸಿ.

ಇನ್ನೊಂದು: ಎಸಿಯನ್ನ ಒಳಗಿನ ಗಾಳಿಯೇ ಸುತ್ತೋ ಮೋಡ್‌ನಲ್ಲಿ ಗಂಟೆಗಟ್ಟಲೆ ಬಿಡಬೇಡಿ, ಇಂಗಾಲದ ಡೈಆಕ್ಸೈಡ್ ಏರಿ ಜೋಂಪು ಹೆಚ್ಚಾಗುತ್ತೆ.

ಪಾಳಿಲೆಕ್ಕ:

ಕಾಫಿಗೆ ಒಂದು ಮಿತಿ ಸೇರಿಸ್ತೀನಿ. ಕುಡಿದ 5 ಗಂಟೆ ಆದ್ಮೇಲೂ ಅರ್ಧ ಕೆಫೀನ್ ಮೈಯಲ್ಲೇ ಇರುತ್ತೆ. ಸಂಜೆ 5ಕ್ಕೆ ಈ ಉಪಾಯ ಮಾಡಿದವನ ರಾತ್ರಿ ನಿದ್ದೆ ಕೆಡುತ್ತೆ, ನಾಳೆಯ 48 ಗಂಟೆ ಲೆಕ್ಕದಲ್ಲಿ ಅದು ಕಾಣುತ್ತೆ. ಮಧ್ಯಾಹ್ನ 3ರ ನಂತರ ಬರೀ ನಿದ್ದೆ ಸಾಕು.

ಸೆನ್ಸರ್‌ಪೆಟ್ಟಿಗೆ:

ಕ್ಯಾಮೆರಾ ಪ್ರಶ್ನೆಗೆ. ಸ್ಟಿಯರಿಂಗ್ ಚಲನೆ ನೋಡಿ "ವಿರಾಮ ತಗೊಳ್ಳಿ" ಅಂತ ಕಪ್ ಚಿತ್ರ ತೋರಿಸೋ ವ್ಯವಸ್ಥೆ ನಿಮ್ಮ ಕೆಲಸಕ್ಕೆ ಹೆಚ್ಚು ಉಪಯೋಗ ಇಲ್ಲ. ಸಾಮಾನ್ಯವಾಗಿ ಅದು ಚುರುಕಾಗೋದು ಗಂಟೆಗೆ 60–65 ಕಿ.ಮೀ. ದಾಟಿದ ಮೇಲೆ. ಮೊದಲ ಒಂದಷ್ಟು ಹೊತ್ತು ಈ ಡ್ರೈವರ್‌ನ ಕೈ ಹೇಗೆ ಅಂತ ಕಲಿಯುತ್ತೆ, ಎಂಜಿನ್ ಆಫ್ ಆದ್ರೆ ಎಷ್ಟೋ ಗಾಡಿಗಳಲ್ಲಿ ಲೆಕ್ಕ ಮತ್ತೆ ಸೊನ್ನೆಯಿಂದ ಶುರು. ದಿನಕ್ಕೆ ಆರು ಸಲ ಆಫ್ ಮಾಡೋ ಸರ್ವಿಸ್ ವ್ಯಾನ್ ಅದರ ಪಾಲಿಗೆ ಯಾವಾಗ್ಲೂ ಬೆಳಿಗ್ಗೆ ಹೊಸದಾಗಿ ಹೊರಟ ಗಾಡಿ.

ಕಣ್ಣು ನೋಡೋ ಇನ್‌ಫ್ರಾರೆಡ್ ಕ್ಯಾಮೆರಾ ಇದಕ್ಕಿಂತ ವಾಸಿ. ಒಂದು ನಿಮಿಷದಲ್ಲಿ ರೆಪ್ಪೆ 80% ಮುಚ್ಚಿದ ಹೊತ್ತು ಎಷ್ಟು ಪಾಲು ಅಂತ ಅಳೆಯುತ್ತೆ. ಕೆಲವು ಕಪ್ಪು ಕನ್ನಡಕ ಇನ್‌ಫ್ರಾರೆಡ್ ತಡೀತವೆ, ಹಾಗಾಗಿ ನಿಮ್ಮವರು ಹಾಕೋ ಕನ್ನಡಕದಲ್ಲೇ ಪರೀಕ್ಷೆ ಮಾಡಿ. ಕ್ಯಾಮೆರಾ ತುಂಬಾ ಎತ್ತರ ಇದ್ರೆ ಕೆಳಗೆ ನೋಡಿದ್ದನ್ನೂ ಕಣ್ಣು ಮುಚ್ಚಿದ್ದು ಅಂತ ಓದುತ್ತೆ. ಸುಳ್ಳು ಬೀಪ್ ಹೆಚ್ಚಾದ್ರೆ ಎರಡೇ ವಾರದಲ್ಲಿ ಅದರ ಮೇಲೆ ಟೇಪ್ ಬಿದ್ದಿರುತ್ತೆ. ಅದೇನೇ ಇದ್ರೂ ಬೀಪ್ ಬರೋದು ನಿದ್ದೆ ಬಂದ ಮೇಲೆ: 80 ಕಿ.ಮೀ. ವೇಗದಲ್ಲಿ 4 ಸೆಕೆಂಡ್ ಅಂದ್ರೆ ಸುಮಾರು 89 ಮೀಟರ್. ಬೈಕಿನ 5 ಜನಕ್ಕೆ ಇದ್ಯಾವುದೂ ಇಲ್ಲ. ಅವರಿಗೆ ದೂರದ ಕಾಲ್ ಕೊಡಬೇಡಿ.

ರೂಟ್‌ಶೀಟ್:

ತುಂಬಾ ಉಪಯೋಗ ಆಯ್ತು. ಒಂದು ಅನುಮಾನ: ನಿದ್ದೆ ಎಷ್ಟು ಅಂತ ಕೇಳಿದ್ರೆ ಎಲ್ಲರೂ 7 ಗಂಟೆ ಅಂತಲೇ ಬರೀತಾರಲ್ಲ?

ನೈಟ್‌ಡೆಸ್ಕ್:

ಕಾಲ್ ಲೆಕ್ಕದಲ್ಲಿ ಇನ್ಸೆಂಟಿವ್ ಇದ್ರೆ ಬರೆದೇ ಬರೀತಾರೆ. ನಿದ್ದೆಯ ಕಾರಣಕ್ಕೆ ತೆಗೆದ ಕಾಲ್‌ನ ದುಡ್ಡು ಕಡಿತ ಆಗಬಾರದು. ಆಪ್‌ನಲ್ಲಿ "ವಿಶ್ರಾಂತಿ" ಬಟನ್ ಇಡಿ, ಒತ್ತಿದ ತಕ್ಷಣ ಗ್ರಾಹಕರಿಗೆ ಹೊಸ ಸಮಯ ತಾನಾಗೇ ಹೋಗಲಿ, 30 ನಿಮಿಷ ಆಫೀಸಿಂದ ಫೋನ್ ಹೋಗಬಾರದು. ತಿಂಗಳು ಪೂರ್ತಿ ಯಾರೂ ಅದನ್ನ ಒತ್ತಿಲ್ಲ ಅಂದ್ರೆ ಹೆದರಿಕೆ ಇದೆ ಅಂತ ಅರ್ಥ. 7–8 ಗಂಟೆ ಮಲಗಿಯೂ ಹಗಲಲ್ಲಿ ತೂಕಡಿಸೋರು, ಜೋರಾಗಿ ಗೊರಕೆ ಹೊಡೆಯೋರು ಇದ್ರೆ ಉಸಿರುಗಟ್ಟುವ ಸ್ಲೀಪ್ ಆಪ್ನಿಯಾ ಇರಬಹುದು, ಡಾಕ್ಟರ್ ಹತ್ರ ಕಳಿಸಿ. ಕ್ಲೋರ್ಫೆನಿರಮೈನ್ ಇರೋ ನೆಗಡಿ ಮಾತ್ರೆ ತಗೊಂಡವರಿಗೆ ಆ ದಿನ ಸ್ಟಿಯರಿಂಗ್ ಬೇಡ.

ಪಾಳಿಲೆಕ್ಕ:

"ಎಷ್ಟು ಗಂಟೆ ನಿದ್ದೆ" ಅಂತ ಕೇಳಬೇಡಿ. ಮಲಗಿದ್ದು ಎಷ್ಟಕ್ಕೆ, ಎದ್ದದ್ದು ಎಷ್ಟಕ್ಕೆ ಅಂತ ಎರಡು ಕಾಲಂ ಇಡಿ, ಉತ್ತರ ಹೆಚ್ಚು ನಿಜ ಬರುತ್ತೆ. ಎರಡೂ ಕಡೆ ಸಮಯದ ಜೊತೆ ದಿನಾಂಕನೂ ಇರಬೇಕು. ಬರೀ ಸಮಯ ಇದ್ರೆ 5:30ರಲ್ಲಿ 23:30 ಕಳೆದು ಶೀಟ್ ಮೈನಸ್ 18 ಗಂಟೆ ತೋರಿಸುತ್ತೆ, ಆರು ಗಂಟೆ ಮಲಗಿದವನ ಹೆಸರು ಕೆಂಪಾಗುತ್ತೆ.