ಮನೆಯ ಬಿಸಿ ಎಲ್ಲಿ ಸೋರುತ್ತಿದೆ? ಕಟ್ಟಡ ಎಂಜಿನಿಯರ್ ಜತೆ ಪ್ರಶ್ನೋತ್ತರ

ಪ್ರಶ್ನೆ: ಹೀಟರ್ ಆರಿಸಿದ ಸ್ವಲ್ಪ ಹೊತ್ತಿಗೇ ಕೋಣೆ ತಣ್ಣಗಾಗುತ್ತೆ ಸರ್. ಮೊದಲು ಕಿಟಕಿ ಬದಲಿಸಲೋ, ಗೋಡೆಗೆ ಇನ್ಸುಲೇಶನ್ ಹಾಕಿಸಲೋ?

ಉತ್ತರ: ಎರಡಕ್ಕೂ ಮೊದಲು ಸಂದು ಮುಚ್ಚಿ. ಬಿಸಿಗಾಳಿ ಮೇಲಿನ ಸಂದುಗಳಿಂದ ಹೊರಬೀಳುತ್ತೆ, ಅಷ್ಟೇ ತಣ್ಣನೆ ಗಾಳಿ ಕೆಳಗಿನಿಂದ ಒಳಗೆ ಬರುತ್ತೆ. ಗಾಳಿ ಬೀಸುವ ದಿನ ಕಿಟಕಿ ಚೌಕಟ್ಟು, ಅಟ್ಟದ ಬಾಗಿಲು, ಪೈಪ್ ತೂತುಗಳ ಬಳಿ ಊದುಬತ್ತಿ ಹಿಡಿಯಿರಿ. ಹೊಗೆ ಅಲುಗಿದಲ್ಲಿ ಗುರುತು ಹಾಕಿ. ತೆರೆಯುವ ಕಡೆ ರಬ್ಬರ್ ಪಟ್ಟಿ, ತೆರೆಯದ ಕಡೆ ಸೀಲಂಟ್. ಆಮೇಲೆ ಚಾವಣಿ, ಗೋಡೆ.

ಪ್ರಶ್ನೆ: ಒಳಗೋಡೆಗೆ 50 ಮಿ.ಮೀ. ಥರ್ಮಕೋಲ್ ಅಂಟಿಸಿ ವೆಂಟಿಲೇಟರ್ ಮುಚ್ಚಿಸಿದೆವು. ಈಗ ಪಿಲ್ಲರ್ ಮೂಲೆಯಲ್ಲಿ ಕಪ್ಪು ಬೂಷ್ಟು. ಹೊಗೆ ಕೊಳವೆಯಿಲ್ಲದ ಗ್ಯಾಸ್ ಹೀಟರ್ ಉರಿಸುತ್ತೇವೆ.

ಉತ್ತರ: ಆ ಹೀಟರ್ ಇವತ್ತೇ ನಿಲ್ಲಿಸಿ, ವೆಂಟಿಲೇಟರ್ ತೆರೆಯಿರಿ. ಬೂಷ್ಟಿಗಿಂತ ನನಗೆ ಕಾರ್ಬನ್ ಮಾನಾಕ್ಸೈಡ್ ಭಯ. ಬಣ್ಣವಿಲ್ಲ, ವಾಸನೆಯಿಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತೆ.

ಬೂಷ್ಟಿಗೂ ಅದೇ ಹೀಟರ್ ಇಂಬು. ಒಂದು ಕಿಲೋ ಎಲ್‌ಪಿಜಿ ಉರಿದರೆ ಸುಮಾರು 1.6 ಕಿಲೋ ನೀರಾವಿ ಕೋಣೆಗೆ ಸೇರುತ್ತೆ. 20 ಡಿಗ್ರಿ ಕೋಣೆಯಲ್ಲಿ ತೇವಾಂಶ ಶೇ. 60 ಇದ್ದರೆ 12 ಡಿಗ್ರಿಗಿಳಿದ ಜಾಗದಲ್ಲಿ ಹನಿಗಟ್ಟುತ್ತೆ. ಬೂಷ್ಟಿಗೆ 15 ಡಿಗ್ರಿಯೇ ಸಾಕು. ಥರ್ಮಕೋಲ್ ಹೊದಿಸದ ಕಾಂಕ್ರೀಟ್ ಪಿಲ್ಲರ್ ಆ ತಣ್ಣನೆ ಜಾಗ. ಶೀಟಿನ ಹಿಂದೆಯೂ ಆವಿ ನುಗ್ಗಿ ನೀರಾಗುತ್ತಿರಬಹುದು. ಒಂದನ್ನು ಬಿಚ್ಚಿ ನೋಡಿ. ಒದ್ದೆಯಿದ್ದರೆ ಎಲ್ಲವನ್ನೂ ತೆಗೆಯಿರಿ, ಮಳೆನೀರು ಇಳಿಯುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ, ಗೋಡೆ ಒಣಗಲು ಬಿಡಿ. ಮತ್ತೆ ಹಾಕುವಾಗ ಅಂಟನ್ನು ಅಲ್ಲಲ್ಲಿ ಇಡದೆ ಹಿಂಬದಿಗೆ ಪೂರ್ತಿ ಬಳಿಸಿ, ಪಿಲ್ಲರ್ ಸುತ್ತಿ ಪಕ್ಕದ ಗೋಡೆಗೂ 30–40 ಸೆಂ.ಮೀ. ಮುಂದುವರಿಸಿ. ಆವಿತಡೆ ಹಾಳೆ ಬೆಚ್ಚಗಿನ ಬದಿಗೆ, ಅದರ ಮೇಲೆ 12.5 ಮಿ.ಮೀ. ಜಿಪ್ಸಂ ಬೋರ್ಡ್. ಥರ್ಮಕೋಲ್ ಹಾಗೇ ಬಿಟ್ಟರೆ ಬೆಂಕಿ ತಗುಲಿದಾಗ ಹೊಗೆಯೇ ಕೊಲ್ಲುತ್ತೆ. ಹೊರಗೋಡೆಗೆ ಹಾಕಿಸಲು ಸಾಧ್ಯವಿದ್ದರೆ ಅದೇ ಲೇಸು.

ಪ್ರಶ್ನೆ: ಕಿಟಕಿ ಮೊದಲಾ, ಗೋಡೆ ಮೊದಲಾ ಸರ್?

ಉತ್ತರ: ಸಂದು. ಮೇಲೆ ಬರೆದಿದ್ದೇನೆ.

ಪ್ರಶ್ನೆ: ಸಿಮೆಂಟ್ ನೆಲ ತುಂಬಾ ಥಂಡಿ. ಏನಾದರೂ ಉಪಾಯ ಇದೆಯಾ?

ಪ್ರಶ್ನೆ: ಗೋಡೆಗೆ ಅಲ್ಯುಮಿನಿಯಂ ಫಾಯಿಲ್ ಅಂಟಿಸಿ ಪೇಂಟ್ ಹೊಡೆದರೆ ಬಿಸಿಯೆಲ್ಲ ಒಳಗೇ ಉಳಿಯುತ್ತಂತೆ. ಫಾರ್ವರ್ಡ್ ಬಂದಿದೆ.

ಉತ್ತರ: ಸುಳ್ಳು. ಹೊಳೆಯುವ ಮುಖದ ಎದುರು ಸುಮಾರು 20 ಮಿ.ಮೀ. ಗಾಳಿಯಂತರ ಇದ್ದರಷ್ಟೇ ಫಾಯಿಲ್ ಕೆಲಸ ಮಾಡುತ್ತೆ. ಪೇಂಟ್ ಹೊಡೆದರೆ ಆ ಗುಣವೇ ಹೋಯಿತು. ಓದದೆ ಇಲ್ಲಿ ತಂದು ಹಾಕಬೇಡಿ.

ಸದಸ್ಯ ಒಬ್ಬರು: ಡಬಲ್ ಗ್ಲಾಸ್ ಹಾಕಿಸಿ, ಎಲ್ಲ ಸರಿಹೋಗುತ್ತೆ.

ಇನ್ನೊಬ್ಬರು: ಒಂಟಿ ಗಾಜಿನ ಯು-ಮೌಲ್ಯ (ಬಿಸಿ ಎಷ್ಟು ಸೋರುತ್ತೆ ಅನ್ನುವ ಅಳತೆ, ಕಡಿಮೆಯಿದ್ದಷ್ಟೂ ಒಳ್ಳೆಯದು) ಸುಮಾರು 5.7, ಸಾಧಾರಣ ಜೋಡಿ ಗಾಜಿನದು 2.8. ಸರಿ. ಆದರೆ ಥರ್ಮಲ್ ಬ್ರೇಕ್ (ಒಳ-ಹೊರ ಲೋಹದ ನಡುವೆ ಬಿಸಿ ತಡೆಯುವ ಪಟ್ಟಿ) ಇಲ್ಲದ ಅಲ್ಯುಮಿನಿಯಂ ಚೌಕಟ್ಟು ಬಿಸಿಯನ್ನು ನೇರ ಹೊರಗೆ ಸಾಗಿಸುತ್ತೆ.

ಮೊದಲಿನವರು: ಕಿಟಕಿಯಲ್ಲಿ ಹೆಚ್ಚು ಜಾಗ ಗಾಜಿನದು. ಲೆಕ್ಕ ಗೊತ್ತಿದ್ದರೆ ಮಾತಾಡಿ.

ಇನ್ನೊಬ್ಬರು: ಲೆಕ್ಕ ಕೊಟ್ಟವನೇ ನಾನು. ನಿಮ್ಮದು ಒಂದು ಅಂಕಿಯೂ ಬಂದಿಲ್ಲ.

ಬೂಷ್ಟಿನ ಪ್ರಶ್ನೆ ಕೇಳಿದವರು: ರಾತ್ರಿ ಮಾತ್ರ ವೆಂಟಿಲೇಟರ್ ಮುಚ್ಚಿ ಹೀಟರ್ ಹಚ್ಚಬಹುದಾ ಸರ್?

ಉತ್ತರ: ಬೇಡ. ಎಲ್ಲರೂ ಮಲಗಿರುವಾಗಲೇ ಅಪಾಯ ಹೆಚ್ಚು. ಹೀಟರ್ ಕೋಣೆಯಿಂದ ಹೊರಗಿಟ್ಟು ಇಲ್ಲಿ ತಿಳಿಸಿ.